ಹೆರಿಗೆ ರಜೆ ಮುಗಿದ ಮೇಲೆ ಕೆಲಸ ಯಾರದ್ದು?

2025ರ ನವೆಂಬರ್ 21ರಿಂದ ಹಳೆ ಕಾರ್ಮಿಕ ಕಾನೂನುಗಳನ್ನು ಒಟ್ಟು ಸೇರಿಸಿದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ ಒಂದು ಪ್ರಶ್ನೆ ಜಾಸ್ತಿ ಕೇಳಿಬರುತ್ತಿದೆ. ಹೆರಿಗೆ ರಜೆಯ ಹಳೆ ಕಾನೂನು ಹೋಯಿತಂತೆ, ಹಾಗಾದರೆ ಆರು ತಿಂಗಳ ರಜೆ ಇದೆಯೋ ಇಲ್ಲವೋ? ಇದೆ. 26 ವಾರ ಹಾಗೇ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದದ್ದು ಹೆಚ್ಚುಕಡಿಮೆ ಅದೇ ರೂಪದಲ್ಲಿ ಈ ಸಂಹಿತೆಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆಯ ಒಂದು ಅಧ್ಯಾಯವಾಗಿ ಬಂದಿದೆ. ಆದರೆ ಮಂಗಳೂರು, ಉಡುಪಿ ಕಡೆ ಕೆಲಸಕ್ಕೆ ಹೋಗುವ ಹೆಂಗಸರ ಚಿಂತೆ ಬೇರೆ. ರಜೆ ಮುಗಿಸಿ ಹೋದರೆ ನನ್ನ ಕೆಲಸ ನನಗೇ ಇರುತ್ತದಾ? ಈ ಗೋಜಲು ಇವತ್ತಿನದ್ದಲ್ಲ.

ಹೆರಿಗೆ ಸಮಯದಲ್ಲಿ ಹೆಂಗಸರಿಗೆ ರಕ್ಷಣೆ ಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳಿದ್ದು 1919ರಲ್ಲಿ. ನಮ್ಮಲ್ಲಿ ಮೊದಲ ಕಾನೂನು ಮಾಡಿದ್ದು ಮುಂಬೈ ಪ್ರಾಂತ್ಯ, 1929ರಲ್ಲಿ. ಅದರ ಹಿಂದಿನ ವರ್ಷ ಅಲ್ಲಿನ ಶಾಸನ ಸಭೆಯಲ್ಲಿ ಈ ಮಸೂದೆಯ ಪರ ಮಾತಾಡಿದವರಲ್ಲಿ ಅಂಬೇಡ್ಕರ್ ಒಬ್ಬರು. ಇದರ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಹೆಂಗಸರ ದುಡಿಮೆಯಿಂದ ಲಾಭ ಮಾಡುವ ಮಾಲೀಕರೂ ಸ್ವಲ್ಪ ಕೊಡಬೇಕು ಅಂತ ಅವರ ವಾದ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಇವತ್ತಿನ ಅರ್ಧ ತಾಪತ್ರಯ ಇರುವುದೇ ಇಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ಕಾನೂನು ಬಂದದ್ದು 1930ರ ದಶಕದಲ್ಲಿ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದರೆ ಇಲ್ಲಿ ಹೆಂಗಸರ ಕಾರ್ಖಾನೆ ದುಡಿಮೆ ಕಾನೂನಿಗಿಂತ ಎಷ್ಟೋ ಹಳೆಯದು. ಮುಂದೆ 1948ರಲ್ಲಿ ಕಾರ್ಮಿಕರ ರಾಜ್ಯ ವಿಮೆಯ, ಅಂದರೆ ಇಎಸ್‌ಐ ಕಾಯ್ದೆ ಬಂತು, 1961ರಲ್ಲಿ ದೇಶಕ್ಕೆಲ್ಲ ಒಂದೇ ಹೆರಿಗೆ ಕಾಯ್ದೆ ಬಂತು, 12 ವಾರ ರಜೆ ಅಂತ ಆಯಿತು.

ವಾಪಸ್ ಬರುವವಳ ಬಗ್ಗೆ ಆ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಒಂದು ಮಾತಿತ್ತು. ಹೆರಿಗೆ ರಜೆಯಲ್ಲಿ ಇದ್ದಾಳೆ ಅನ್ನುವ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಅವಳಿಗೆ ನಷ್ಟ ಆಗುವ ಹಾಗೆ ಕೆಲಸದ ಷರತ್ತು ಬದಲಾಯಿಸುವ ಹಾಗೂ ಇಲ್ಲ. ಹೊಸ ಸಂಹಿತೆಯ 68ನೇ ಸೆಕ್ಷನ್ನಿನಲ್ಲೂ ಅದೇ ಇದೆ. ಓದಿದರೆ ಗಟ್ಟಿ ಅನಿಸುತ್ತದೆ ಅಲ್ವಾ? ಆದರೆ ಅದೇ ಹುದ್ದೆ, ಅದೇ ವಿಭಾಗ, ಅದೇ ಪಾಳಿ ಕೊಡಬೇಕು ಅಂತ ಬಿಡಿಸಿ ಹೇಳಿಲ್ಲ. ರಜೆ ಎಷ್ಟು ವಾರ, ಹೆರಿಗೆಗೆ ಮೊದಲು ಎಷ್ಟು, ಹಣ ಯಾವಾಗ ಕೊಡಬೇಕು, ಇದೆಲ್ಲ ಲೆಕ್ಕ ಹಾಕಿ ಬರೆದವರು ವಾಪಸ್ ಬರುವ ದಿನದ ಬಗ್ಗೆ ಒಂದೆರಡು ಸಾಲಿನಲ್ಲಿ ಮುಗಿಸಿದ್ದಾರೆ.

ಆ ಒಂದೆರಡು ಸಾಲಿನ ಅರ್ಥ ಏನು ಅಂತ ಬಿಡಿಸಿ ಹೇಳುವ ಕೆಲಸ ಕೋರ್ಟುಗಳ ಪಾಲಿಗೆ ಬಂತು. ನೀರಾ ಮಾಥುರ್ ಅವರ ಪ್ರಕರಣ ನೋಡಿ. ಜೀವ ವಿಮಾ ನಿಗಮದಲ್ಲಿ ಪ್ರೊಬೇಷನ್ನಿನಲ್ಲಿದ್ದರು, ಹೆರಿಗೆ ರಜೆ ಹಾಕಿದರು, ಮುಗಿಸಿ ಬಂದ ಮೇಲೆ ಕೆಲಸ ಹೋಯಿತು. ಸೇರುವಾಗ ತುಂಬಿದ ಫಾರ್ಮಿನಲ್ಲಿ ಕೊನೆಯ ಮುಟ್ಟಿನ ತಾರೀಕು ತಪ್ಪು ಬರೆದಿದ್ದಾರೆ ಅನ್ನುವುದು ಕೊಟ್ಟ ಕಾರಣ. ಇಂಥ ಪ್ರಶ್ನೆ ಕೇಳುವುದೇ ಹೆಣ್ಣಿನ ಮಾನಕ್ಕೆ ಕುಂದು ಅಂತ 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಅವರನ್ನು ವಾಪಸ್ ಕೆಲಸಕ್ಕೆ ಸೇರಿಸಿತು. ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಉಂಟು ಅಂತ 2000ದಲ್ಲಿ ದೆಹಲಿ ಪಾಲಿಕೆಯ ಪ್ರಕರಣದಲ್ಲಿ ತೀರ್ಪು ಬಂತು. 2023ರಲ್ಲಿ ಡಾ. ಕವಿತಾ ಯಾದವ್ ಅವರದ್ದು. ದೆಹಲಿಯ ಒಂದು ಆಸ್ಪತ್ರೆಯಲ್ಲಿ ಗುತ್ತಿಗೆ ಮೇಲಿದ್ದ ವೈದ್ಯೆ. ಗುತ್ತಿಗೆ ಮುಗಿಯಲು 11 ದಿನ ಬಾಕಿ ಇದೆ ಅಂತ 11 ದಿನದ ಸೌಲಭ್ಯ ಮಾತ್ರ ಕೊಟ್ಟಿದ್ದರು. ಗುತ್ತಿಗೆ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ ಕೋರ್ಟ್ ಹೇಳಿತು. ಒಳ್ಳೆಯ ತೀರ್ಪು. ಆದರೆ ಗಮನಿಸಿ, ಅದು ಕೊಟ್ಟದ್ದು ಹಣ. ಮುಗಿದ ಗುತ್ತಿಗೆಯನ್ನು ಅದು ಮುಂದುವರಿಸಲಿಲ್ಲ.

ದೊಡ್ಡ ಬದಲಾವಣೆ ಆಗಿದ್ದು 2017ರಲ್ಲಿ. 12 ವಾರ 26 ಆಯಿತು. ಎರಡು ಮಕ್ಕಳಿರುವವರಿಗೆ ಮಾತ್ರ ಮುಂದಿನ ಹೆರಿಗೆಗೆ 12. ಐವತ್ತು ಜನ ಇರುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ಎರಡು ಬಿಡುವು ಮೊದಲಿಂದಲೂ ಇತ್ತು. ನಮ್ಮ ಕಡೆ ಇದು ನಿಜವಾಗಿಯೂ ಆಸರೆ ಆಯಿತು. ಹೆರಿಗೆಗೆ ತವರಿಗೆ ಹೋಗಿ, ಬಾಣಂತನ ಮುಗಿಸಿ, ಮಗುವನ್ನು ಕರ್ಕೊಂಡು ಗಂಡನ ಮನೆಗೆ ಬರುವಷ್ಟರಲ್ಲಿ ಹಿಂದೆ ರಜೆಯೇ ಮುಗಿದಿರುತ್ತಿತ್ತು.

ಆದರೆ ಇಲ್ಲೊಂದು ತೊಡಕು. ಸಂಬಳ 21,000 ರೂಪಾಯಿಯ ಒಳಗಿದ್ದು ಇಎಸ್‌ಐಗೆ ಸೇರಿದವರಿಗೆ ರಜೆಯ ಹಣ ಇಎಸ್‌ಐ ನಿಧಿಯಿಂದ ಬರುತ್ತದೆ. ಅದಕ್ಕಿಂತ ಮೇಲಿನವರಿಗೆ ಪೂರ್ತಿ ಹಣ ಮಾಲೀಕರೇ ಕೊಡಬೇಕು. ಹದಿನೈದು ಜನ ಇರುವ ಲ್ಯಾಬಿನವರಿಗೆ, ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಸಣ್ಣ ಮಾತಲ್ಲ ಇದು, ಆರು ತಿಂಗಳ ಸಂಬಳ, ಮೇಲಿಂದ ಬದಲಿ ಜನಕ್ಕೂ ಸಂಬಳ. 2018ರಲ್ಲಿ ಏಳು ವಾರದ ಹಣವನ್ನು ಸರ್ಕಾರವೇ ಮಾಲೀಕರಿಗೆ ತುಂಬಿಕೊಡುವ ಪ್ರಸ್ತಾಪ ಬಂದಿತ್ತು. ಪ್ರಸ್ತಾಪವಾಗಿಯೇ ಉಳಿಯಿತು. ಅಂಬೇಡ್ಕರ್ 1928ರಲ್ಲಿ ಹೇಳಿದ್ದನ್ನು ಅಷ್ಟರಮಟ್ಟಿಗೆ ಕೇಳಿದ್ದರೆ ಮದುವೆಯಾದ ಹುಡುಗಿಯನ್ನು ಇಂಟರ್‌ವ್ಯೂನಲ್ಲಿ ನೋಡುವ ಕಣ್ಣೇ ಬೇರೆ ಇರುತ್ತಿತ್ತು ಅಂತ ನನಗೆ ಅನಿಸುತ್ತದೆ.

ಇನ್ನು ರಜೆ ಮುಗಿದ ಮೇಲಿನ ಮಾತು. ಯಾರೂ "ನಿನ್ನನ್ನು ತೆಗೆದಿದ್ದೇವೆ" ಅಂತ ಬರೆದುಕೊಡುವುದಿಲ್ಲ. ನನ್ನ ಪರಿಚಯದ ನರ್ಸ್ ಒಬ್ಬಳು, ಸುರತ್ಕಲ್ ಕಡೆಯವಳು, ಐಸಿಯುನಲ್ಲಿ ವರ್ಷಗಟ್ಟಲೆ ದುಡಿದವಳು. ರಜೆ ಮುಗಿಸಿ ಹೋದಾಗ "ಸಿಸ್ಟರ್, ನಿಮ್ಮ ಜಾಗಕ್ಕೆ ಬೇರೆಯವರು ಬಂದಿದ್ದಾರೆ, ಸದ್ಯ ವಾರ್ಡಿನಲ್ಲಿ ನೋಡ್ಕೊಳ್ಳಿ" ಅಂದರು. ಆಮೇಲೆ ಸಾಲಾಗಿ ನೈಟ್ ಡ್ಯೂಟಿ. ಹಾಲು ಕಟ್ಟಿ ಎದೆ ಕಲ್ಲಾದಾಗ ಲಿನೆನ್ ರೂಮಿನ ಬಾಗಿಲು ಹಾಕಿಕೊಂಡು ಹಿಂಡಿ ಸಿಂಕಿಗೆ ಚೆಲ್ಲುತ್ತಿದ್ದಳು, ಯಾಕೆಂದರೆ ಇಡಲು ಫ್ರಿಜ್ ಇಲ್ಲ, ಇದ್ದದ್ದು ಔಷಧಿಗೆ. ಆ ವರ್ಷದ ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕೇಳಿದರೆ "ನೀವು ಆರು ತಿಂಗಳು ಇರಲಿಲ್ಲ ಅಲ್ವಾ?" ಇದು ಷರತ್ತು ಬದಲಾಯಿಸಿದ ಹಾಗೆ ಅಂತ ವಾದ ಮಾಡಬಹುದು. ಆದರೆ ಒಂದೂ ಕಾಗದದ ಮೇಲೆ ಇಲ್ಲ. ಎರಡು ತಿಂಗಳು ನೋಡಿ ಅವಳೇ ರಾಜೀನಾಮೆ ಕೊಟ್ಟಳು. ದಾಖಲೆಯಲ್ಲಿ ಅದು "ಸ್ವಂತ ಕಾರಣ".

ಬೀಡಿ ಕಟ್ಟುವವರ ಕಥೆ ಇನ್ನೂ ಬೇರೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಮನೆಗಳ ಅಕ್ಕಿ ಬೇಳೆ ಬಂದದ್ದು ಇದರಿಂದಲೇ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವರಿಗೂ ಹೆರಿಗೆ ಸೌಲಭ್ಯವನ್ನು ಅನ್ವಯಿಸಿತ್ತು, ದೇಶದ ಬೇರೆ ಎಷ್ಟೋ ಮನೆಗೆಲಸಗಳಿಗೆ ಇಲ್ಲದ್ದು ಇದು. ಆದರೆ ಕಟ್ಟಿದ ಬೀಡಿಯ ಲೆಕ್ಕ ಬರೆಯುವ ಒಂದೇ ಪುಸ್ತಕದಲ್ಲಿ ಅತ್ತೆ, ಸೊಸೆ ಇಬ್ಬರ ಬೀಡಿಯೂ ಬರೆಸುವುದು ಇಲ್ಲಿನ ರೂಢಿ. ಪುಸ್ತಕ ಅತ್ತೆಯ ಹೆಸರಲ್ಲಿದ್ದರೆ ಹೆತ್ತ ಸೊಸೆ ಕಾನೂನಿನ ಲೆಕ್ಕದಲ್ಲಿ ಬೀಡಿ ಕಟ್ಟಿದವಳೇ ಅಲ್ಲ. ಅವಳಿಗೆ ವಾಪಸ್ ಹೋಗುವುದು ಅಂದರೆ ಮತ್ತೆ ಎಲೆ, ಹೊಗೆಸೊಪ್ಪು ಸಿಗುವುದು ಅಷ್ಟೇ. ಅದು ಸಿಗುತ್ತದೋ ಇಲ್ಲವೋ ಅನ್ನುವುದು ಅದನ್ನು ಕೊಡುವ ಬೀಡಿ ಬ್ರಾಂಚಿನಲ್ಲಿ ಆ ವಾರ ಎಷ್ಟು ಮಾಲಿದೆ ಅನ್ನುವುದರ ಮೇಲೆ.

ಸರ್ಕಾರಿ ನೌಕರಿಯವರ ಮಾತು ಬೇರೆ. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ಮಹಿಳಾ ನೌಕರರಿಗೆ ಹೆರಿಗೆ ರಜೆಯ ಮೇಲೆ 180 ದಿನದ ಶಿಶುಪಾಲನಾ ರಜೆಯನ್ನೂ ಕೊಟ್ಟಿತು. ಪಕ್ಕದ ಖಾಸಗಿ ಕಟ್ಟಡದಲ್ಲಿ ಅದೇ ವಯಸ್ಸಿನ ಮಗು ಇರುವವಳಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ "ಕೊಡಬಹುದು" ಅಂತ ಕಾನೂನಿನಲ್ಲಿದೆ, ಕೊಡಲೇಬೇಕು ಅಂತಿಲ್ಲ.

ಸಂಹಿತೆ ಬಂದರೂ ಬದಲಾಗದ ಒಂದು ವಿಷಯ ಇದೆ, ಇದನ್ನು ಗೊತ್ತಿಟ್ಟುಕೊಳ್ಳುವುದು ಒಳ್ಳೆಯದು. ಕೆಲಸದಿಂದ ತೆಗೆದರೆ ಅಥವಾ ಸೌಲಭ್ಯ ತಪ್ಪಿಸಿದರೆ, ಆ ಆದೇಶ ಕೈಗೆ ಬಂದ ದಿನದಿಂದ 60 ದಿನದ ಒಳಗೆ ಮೇಲ್ಮನವಿ ಹಾಕಬೇಕು. ಹಾಗಾಗಿ ಬಾಯಿಮಾತಿನಲ್ಲಿ ಏನು ಹೇಳಿದರೂ ಅವತ್ತೇ ಒಂದು ಇಮೇಲ್ ಹಾಕಿ, "ಇವತ್ತು ಹೀಗೆ ಹೇಳಿದಿರಿ, ದಯವಿಟ್ಟು ಬರಹದಲ್ಲಿ ಕೊಡಿ" ಅಂತ ಕೇಳಿ ಇಡಿ. ರಜೆಗೆ ಹೋಗುವ ಮೊದಲು ಹುದ್ದೆ, ವಿಭಾಗ, ಪಾಳಿ ಯಾವುದಿತ್ತು ಅನ್ನುವುದರ ಕಾಗದವನ್ನೂ ಮನೆಯಲ್ಲಿಟ್ಟುಕೊಳ್ಳಿ. ಮತ್ತೆ, ಸಿಟ್ಟಿನಲ್ಲಿ ರಾಜೀನಾಮೆ ಬರೆದುಕೊಡಬೇಡಿ. ಸ್ವಂತ ಇಷ್ಟದಿಂದ ಬಿಟ್ಟಳು ಅಂತ ಅದೇ ಕಾಗದ ತೋರಿಸುತ್ತಾರೆ, ಆಮೇಲೆ ಅಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮ ಮೇಲೇ ಬೀಳುತ್ತದೆ.