ಬೆನ್ನ ಮೇಲೆ ಮೇಕೆಮರಿ

2016ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಲೇನಿ ಮೋರ್ಸ್ ಎಂಬುವರು ತಮ್ಮ ಪುಟ್ಟ ಜಮೀನಿನಲ್ಲಿ ಯೋಗ ತರಗತಿಯೊಂದನ್ನು ಶುರುಮಾಡಿದರು. ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ಜನ, ಜನರ ನಡುವೆ ಓಡಾಡಿಕೊಂಡಿರುವ ಮೇಕೆಗಳು. ಅಷ್ಟೇ ವ್ಯವಸ್ಥೆ. ಮಂಡಿ ಮತ್ತು ಅಂಗೈ ಊರಿ ಮಾರ್ಜಾಲಾಸನಕ್ಕೆ ಬಗ್ಗಿದವರ ಬೆನ್ನ ಮೇಲೆ ಮರಿ ಹತ್ತಿ ನಿಲ್ಲುತ್ತದೆ. ಮಲಗಿದವರ ಕೂದಲು ಜಗಿಯುತ್ತದೆ. ಆಗಾಗ ಚಾಪೆಯ ಮೇಲೆ ಹಿಕ್ಕೆ ಉದುರುತ್ತದೆ. ಕೆಲವೇ ತಿಂಗಳಲ್ಲಿ ಈ 'ಗೋಟ್ ಯೋಗ' ಪತ್ರಿಕೆ, ಟಿವಿಗಳಲ್ಲೆಲ್ಲ ಬಂತು. ಬೇರೆ ಬೇರೆ ದೇಶಗಳ ಹೊಲಮನೆಗಳೂ ಬೋರ್ಡು ಹಾಕಿಕೊಂಡವು.

ನಮ್ಮ ಹಳ್ಳಿಗಳಲ್ಲಿ ಇದನ್ನು ಕೇಳಿದವರು ಮೊದಲು ನಗುತ್ತಾರೆ. ಮೇಕೆ ಜೊತೆ ಇರೋದಕ್ಕೆ ದುಡ್ಡು ಕೊಡೋದಾ? ನಗು ಸಹಜವೇ. ಆದರೆ ಹೋಗಿಬಂದವರು 'ಮನಸ್ಸು ಹಗುರಾಯ್ತು' ಅನ್ನುತ್ತಾರಲ್ಲ, ಅದು ಸುಳ್ಳಲ್ಲ. ಹಗುರಾಗಿದ್ದು ಯಾವುದರಿಂದ ಅನ್ನೋದೇ ಪ್ರಶ್ನೆ. ಯೋಗದಿಂದಲೋ, ಮೇಕೆಯಿಂದಲೋ, ಬಯಲ ಗಾಳಿಯಿಂದಲೋ, ಸುಮ್ನೆ ಒಂದು ಗಂಟೆ ಫೋನ್ ಬಿಟ್ಟು ಕೂತಿದ್ದರಿಂದಲೋ?

ಮೊದಲು ಉಸಿರಿನ ಪಾಲು ನೋಡೋಣ. ಉಸಿರು ಒಳಗೆ ಎಳೆದಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಬಿಡುವಾಗ ವೇಗಸ್ ಅನ್ನೋ ನರ ಹೃದಯಕ್ಕೆ 'ನಿಧಾನ' ಎಂದು ಹೇಳುವುದೇ ಇದಕ್ಕೆ ಕಾರಣ. ಆರಾಮಾಗಿರುವ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು ನಿಮಿಷಕ್ಕೆ 6ರ ಆಸುಪಾಸಿಗೆ ಇಳಿಸಿದರೆ ಬಡಿತದ ಈ ಏರಿಳಿತ ಚೆನ್ನಾಗಿ ಹಿಗ್ಗುತ್ತದೆ, ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಯೂ ಚುರುಕಾಗುತ್ತದೆ. ಇದಕ್ಕೆ ಮೇಕೆ ಬೇಕಿಲ್ಲ. ಮನೆಯ ಜಗಲಿ ಸಾಕು.

ಮೇಕೆ ಬೇಕಾಗುವುದು ಸ್ಪರ್ಶಕ್ಕೆ. ನಮ್ಮ ಚರ್ಮದಲ್ಲಿ ಚುಚ್ಚಿದ್ದು, ಒತ್ತಿದ್ದು ತಿಳಿಸುವ ವೇಗದ ನರಗಳ ಜೊತೆಗೆ ಇನ್ನೊಂದು ಜಾತಿಯ ನಿಧಾನದ ನರತಂತುಗಳಿವೆ. ರೋಮ ಇರುವ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು, ತೊಡೆಗಳಲ್ಲಿ ಇವು ಜಾಸ್ತಿ. ಅಂಗೈಯಲ್ಲಿ ತೀರಾ ಕಡಿಮೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆಲ್ಲಗೆ ಸವರಿದರೆ ಮಾತ್ರ ಇವು ಚೆನ್ನಾಗಿ ಮಿಡಿಯುತ್ತವೆ. ಅದಕ್ಕಿಂತ ಬೇಗ ಉಜ್ಜಿದರೂ ಅಷ್ಟಕ್ಕಷ್ಟೆ, ತೀರಾ ನಿಧಾನ ಮಾಡಿದರೂ ಅಷ್ಟಕ್ಕಷ್ಟೆ. 2009ರಲ್ಲಿ ಸ್ವೀಡನ್ ವಿಜ್ಞಾನಿಗಳ ತಂಡ ಇದನ್ನು ಅಳೆದು ತೋರಿಸಿತು. ಈ ನರಗಳು ಹೆಚ್ಚು ಮಿಡಿದ ವೇಗದಲ್ಲೇ ಜನರೂ 'ಹಿತವಾಗಿದೆ' ಅಂದಿದ್ದರು. ಮಗುವಿನ ಬೆನ್ನು ಸವರುವಾಗ ತಾಯಿಯ ಕೈ ಯಾರೂ ಹೇಳಿಕೊಡದೆ ಇದೇ ವೇಗಕ್ಕೆ ಬರುತ್ತದೆ, ಅಲ್ವಾ? ಹಾಗೆ ನೋಡಿದರೆ ಅಂಗೈಯಲ್ಲಿ ಮೇಕೆಯನ್ನು ತಟ್ಟುವುದಕ್ಕಿಂತ, ಬೆಚ್ಚಗಿನ ಮರಿ ನಿಮ್ಮ ಮುಂಗೈಗೆ, ಕಾಲಿಗೆ ಒರಗಿಕೊಳ್ಳುವುದೇ ಹೆಚ್ಚು ಸುಖ ಕೊಡಬೇಕು. ಮೇಕೆಯ ಮೈ ನಮ್ಮದಕ್ಕಿಂತ ಒಂದೆರಡು ಡಿಗ್ರಿ ಬಿಸಿ ಬೇರೆ.

ಪ್ರಾಣಿಯನ್ನು ಮುಟ್ಟುವುದಕ್ಕೂ ಸುಮ್ಮನೆ ನೋಡುವುದಕ್ಕೂ ವ್ಯತ್ಯಾಸ ಇದೆಯಾ? ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು 249 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪು 10 ನಿಮಿಷ ನಾಯಿ, ಬೆಕ್ಕುಗಳನ್ನು ನೇವರಿಸಿತು. ಇನ್ನೊಂದು ಗುಂಪು ಪಕ್ಕದಲ್ಲಿ ನಿಂತು ಅದನ್ನು ನೋಡುತ್ತಾ ಕಾಯಿತು. ಮತ್ತೊಂದು ಗುಂಪಿಗೆ ಅದೇ ಪ್ರಾಣಿಗಳ ಚಿತ್ರ ತೋರಿಸಿದರು. ಉಳಿದವರು ಏನೂ ಇಲ್ಲದೆ ಕೂತರು. ಆಮೇಲೆ ಎಲ್ಲರ ಎಂಜಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಎಷ್ಟಿದೆ ಎಂದು ನೋಡಿದರೆ, ಮುಟ್ಟಿ ನೇವರಿಸಿದವರಲ್ಲೇ ಅದು ಕಡಿಮೆ ಇತ್ತು. 2019ರಲ್ಲಿ ಪ್ರಕಟವಾದ ಈ ಅಧ್ಯಯನ ನನಗೆ ಇಷ್ಟವಾಗುವುದು ಹೋಲಿಸಿ ನೋಡಲು ಬೇರೆ ಗುಂಪುಗಳನ್ನು ಇಟ್ಟುಕೊಂಡದ್ದಕ್ಕೆ. 'ನಮ್ಮಲ್ಲಿಗೆ ಬಂದವರೆಲ್ಲ ಖುಷಿಯಾಗಿ ಹೋದರು' ಅನ್ನುವ ಹೊಲಮನೆಯ ಜಾಹೀರಾತು ವಿಜ್ಞಾನ ಆಗುವುದಿಲ್ಲ. ಖುಷಿಗೆಂದೇ ದುಡ್ಡು ಕೊಟ್ಟು ಬಂದವರು ಖುಷಿಯಾಗದೆ ಇನ್ನೇನಾಗುತ್ತಾರೆ?

ಜಾಹೀರಾತುಗಳಲ್ಲಿ ತಪ್ಪದೇ ಬರುವ ಇನ್ನೊಂದು ಹೆಸರು ಆಕ್ಸಿಟೋಸಿನ್. 'ಅಪ್ಪುಗೆಯ ಹಾರ್ಮೋನು' ಎಂದು ಇದಕ್ಕೆ ಬಿರುದು ಕೊಟ್ಟಿದ್ದಾರೆ. ಬಿರುದು ಸ್ವಲ್ಪ ಅತಿಯಾಯಿತು. ರಕ್ತದಲ್ಲಿರುವ ಆಕ್ಸಿಟೋಸಿನ್ ಮಿದುಳಿಗೆ ಸುಲಭವಾಗಿ ದಾಟುವುದಿಲ್ಲ, ಹಾಗಾಗಿ ರಕ್ತದ ಲೆಕ್ಕ ನೋಡಿ ಮನಸ್ಸಿನ ಲೆಕ್ಕ ಹೇಳುವುದು ಕಷ್ಟ. ಇದರ ಕೆಲಸ ಕಣ್ಣಿಗೆ ಕಾಣಬೇಕಾದರೆ ಹಾಲು ಕರೆಯುವವರ ಪಕ್ಕ ಕೂರಬೇಕು. ಕರು ಗುದ್ದಿದ ಮೇಲೆ, ಇಲ್ಲವೇ ಕೆಚ್ಚಲು ತೊಳೆದು ಸವರಿದ ಮೇಲೆ, ಒಂದೆರಡು ನಿಮಿಷದಲ್ಲಿ ಹಸು ಸೊರ ಬಿಡುತ್ತದೆ. ಆ ಹೊತ್ತಿನಲ್ಲಿ ಆಕ್ಸಿಟೋಸಿನ್ ಮಿದುಳಿನ ಬುಡದಿಂದ ಹೊರಟು, ರಕ್ತದಲ್ಲಿ ಕೆಚ್ಚಲು ತಲುಪಿ, ಹಾಲನ್ನು ಕೆಳಗೆ ತಳ್ಳಿರುತ್ತದೆ. ಹೊಸಬರು ಬಂದು ಗದ್ದಲ ಮಾಡಿದರೆ ಹಸು ಹೆದರುತ್ತದೆ, ಅಡ್ರಿನಲಿನ್ ಅಡ್ಡ ಬರುತ್ತದೆ, ಹಾಲು ನಿಲ್ಲುತ್ತದೆ. ಇದು ಕೊಟ್ಟಿಗೆಯವರಿಗೆ ಎಂದಿನಿಂದಲೂ ಗೊತ್ತು.

ನನ್ನ ಮಾತಿನ ತಿರುಳೂ ಇಲ್ಲೇ ಇದೆ. ಪ್ರಾಣಿ ನಿರಾಳವಾಗಿಲ್ಲದ ಕಡೆ ಮನುಷ್ಯರ ನಿರಾಳ ಬರೀ ಫೋಟೋಗೆ. ಒಳ್ಳೆಯ ಸುದ್ದಿ ಏನೆಂದರೆ, ಪ್ರಾಣಿಯ ನಿರಾಳವನ್ನೂ ಅಳೆಯಬಹುದು. ಆಸ್ಟ್ರಿಯಾದ ವಿಯೆನ್ನಾದಲ್ಲಿರುವ ಪಶುವೈದ್ಯ ವಿಶ್ವವಿದ್ಯಾಲಯದವರು ಹಸುಗಳ ಮೈಯ ಬೇರೆ ಬೇರೆ ಜಾಗ ನೇವರಿಸಿ ನೋಡಿದರು. ಹಸುಗಳು ಹೆಚ್ಚು ಮೆಚ್ಚಿದ್ದು ಕತ್ತಿನ ಕೆಳಭಾಗವನ್ನು. ಅಲ್ಲಿ ಕೈಯಾಡಿಸಿದಾಗ ಕತ್ತು ಉದ್ದಕ್ಕೆ ಚಾಚಿದವು, ಕಿವಿ ಜೋತುಬಿಟ್ಟವು. ಗಂಗೆದೊಗಲು ಸವರಿದರೆ ಹಸು ಗದ್ದ ಎತ್ತಿ ನಿಲ್ಲುತ್ತದೆ ಎಂದು ನಮ್ಮ ಹಳ್ಳಿಯ ಮಕ್ಕಳಿಗೆ ಯಾರೂ ಪ್ರಬಂಧ ಓದಿ ಹೇಳಬೇಕಿಲ್ಲ, ನಿಜ. ಆದರೆ ಅದೇ ವಿಶ್ವವಿದ್ಯಾಲಯದವರು 2020ರಲ್ಲಿ ಇನ್ನೊಂದು ಹೆಜ್ಜೆ ಹೋದರು. 28 ಕಡಸುಗಳನ್ನು ನೇವರಿಸುತ್ತಾ ಒಮ್ಮೆ ಎದುರಿಗೇ ಮೆಲುದನಿಯಲ್ಲಿ ಮಾತಾಡಿದರು, ಇನ್ನೊಮ್ಮೆ ಅಂಥದ್ದೇ ಮಾತಿನ ಧ್ವನಿಮುದ್ರಣ ಹಾಕಿದರು. ಎರಡೂ ಸಲ ಕಡಸುಗಳು ಸುಖಪಟ್ಟವು. ಆದರೆ ಎದುರಿಗೇ ಮಾತಾಡಿದಾಗ ಎದೆಬಡಿತ ಹೆಚ್ಚು ತಗ್ಗಿತು. ದನದ ಜೊತೆ ಮಾತಾಡುವ ಅಜ್ಜಿಯರನ್ನು ನೋಡಿ ಇನ್ನು ನಗಬೇಡಿ.

ಮೇಕೆಯ ಕಥೆಯೇ ಬೇರೆ. ಅದು ಕಲ್ಲುಗುಡ್ಡದ ಪ್ರಾಣಿ. ಸುಮಾರು 10 ಸಾವಿರ ವರ್ಷಗಳ ಹಿಂದೆ ಇರಾನಿನ ಜಾಗ್ರೋಸ್ ಬೆಟ್ಟಗಳ ಸುತ್ತಮುತ್ತ ಮನುಷ್ಯರ ಕೈಗೆ ಬಂತು, ಹತ್ತುವ ಚಟ ಬಿಡಲಿಲ್ಲ. ಸುತ್ತಲಿಗಿಂತ ಎತ್ತರ ಏನಿದ್ದರೂ ಮರಿಗೆ ಅದು ಬಂಡೆ. ಬಗ್ಗಿದ ನಿಮ್ಮ ಬೆನ್ನೂ ಬಂಡೆಯೇ. ಪ್ರೀತಿಯಿಂದ ಹತ್ತಿತು ಎಂದುಕೊಂಡರೆ ನಿಮ್ಮಿಷ್ಟ. ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಮೇಕೆಯ ಕಣ್ಣಿನ ಪಾಪೆ ಅಡ್ಡಗೀಟಿನ ಆಕಾರದ್ದು. ಮೇಯಲು ತಲೆ ಬಗ್ಗಿಸಿದಾಗ ಕಣ್ಣುಗುಡ್ಡೆ ಸುಮಾರು 50 ಡಿಗ್ರಿ ತಿರುಗಿ, ಆ ಗೀಟು ನೆಲಕ್ಕೆ ಸಮವಾಗಿಯೇ ಉಳಿಯುತ್ತದೆ. ಮೇಯುತ್ತಲೇ ಸುತ್ತಲೂ ತೋಳ ಬರುತ್ತಿದೆಯಾ ಎಂದು ನೋಡಲು ಈ ಏರ್ಪಾಡು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ಇದನ್ನು ವಿವರಿಸಿದರು. ನಾವು ಅಧೋಮುಖ ಶ್ವಾನಾಸನದಲ್ಲಿ ತಲೆ ತಗ್ಗಿಸಿದರೆ ಲೋಕ ತಲೆಕೆಳಗಾಗುತ್ತದೆ. ಮೇಕೆಗೆ ದಿಗಂತ ಕದಲುವುದೇ ಇಲ್ಲ.

ಹೀಗೆ ಸದಾ ಎಚ್ಚರದ ಪ್ರಾಣಿ ಮನುಷ್ಯರನ್ನೂ ಸರಿಯಾಗಿ ಓದುತ್ತದೆ. ತೆರೆಯಲಾಗದ ಡಬ್ಬಿಯಲ್ಲಿ ತಿಂಡಿ ಇಟ್ಟಾಗ ಮೇಕೆಗಳು ತಿರುಗಿ ಎದುರಿನ ಮನುಷ್ಯರ ಮುಖ ನೋಡಿದ್ದನ್ನು ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು 2016ರಲ್ಲಿ ದಾಖಲಿಸಿದರು. ಸಿಟ್ಟಿನ ಮುಖದ ಫೋಟೋಗಿಂತ ನಗುಮುಖದ ಫೋಟೋದ ಕಡೆ ಅವು ಹೆಚ್ಚು ಹೋದದ್ದು ಆಮೇಲಿನ ಅಧ್ಯಯನದಲ್ಲಿ ಕಂಡಿತು. ಕಿವಿ ಮುಂದಕ್ಕೆ, ಬಾಲ ಮೇಲಕ್ಕೆ ಇದ್ದರೆ ಮೇಕೆ ಖುಷಿಯಲ್ಲಿದೆ ಎಂದು ತಿಳಿಯಬಹುದು. ತರಗತಿಗೆ ಹೋದವರು ಇದಿಷ್ಟನ್ನು ನೋಡಿಕೊಂಡರೆ ಸಾಕು. ನನ್ನ ಪ್ರಕಾರ ಮೇಕೆ ಯೋಗ ಎಂದರೆ ಮುಕ್ಕಾಲುಪಾಲು ನಗು. ನಗುವುದೂ ಒಳ್ಳೆಯದೇ, ಆದರೆ ಅದನ್ನು ಧ್ಯಾನ ಎಂದು ಕರೆಯುವುದು ಬೇಡ.

ಧ್ಯಾನ ಬೇಕಾದವರಿಗೆ ಹಸು ವಾಸಿ. ನೆದರ್ಲ್ಯಾಂಡ್ಸ್‌ನ ಹೊಲಮನೆಗಳಲ್ಲಿ ಮಲಗಿದ ಹಸುವಿಗೆ ಒರಗಿ ಕೂರುವ ರೂಢಿ ಮೇಕೆ ಯೋಗಕ್ಕಿಂತ ಹಳೆಯದು. ನಮ್ಮಲ್ಲೂ 2023ರ ಫೆಬ್ರವರಿ 14ರಂದು ಹಸುವನ್ನು ಅಪ್ಪಿಕೊಳ್ಳಿ ಎಂದು ಪ್ರಾಣಿ ಕಲ್ಯಾಣ ಮಂಡಳಿ ಕರೆ ಕೊಟ್ಟು, ನಾಲ್ಕೇ ದಿನದಲ್ಲಿ ಹಿಂತೆಗೆದುಕೊಂಡಿತು. ಅದೂ ಸರಿಯೇ. ಗೊತ್ತಿಲ್ಲದ ಹಸುವನ್ನು ಗೊತ್ತಿಲ್ಲದವರು ಅಪ್ಪಲು ಹೋದರೆ ಹಾಯಿಸಿಕೊಳ್ಳುವುದೇ ಹೆಚ್ಚು. ಹಸುವಿನ ಹೃದಯ ನಿಧಾನ, ಅದನ್ನು ಕೇಳಿ ನಮ್ಮದೂ ನಿಧಾನವಾಗುತ್ತದೆ ಅನ್ನುವ ವಿವರಣೆಯನ್ನು ನಾನು ನಂಬುವುದಿಲ್ಲ. ಅದರ ಬಡಿತ ನಿಮಿಷಕ್ಕೆ 50ರಿಂದ 80ರ ಆಸುಪಾಸು, ನಮ್ಮದಕ್ಕಿಂತ ಅಂಥ ದೂರವೇನೂ ಇಲ್ಲ. ಅದಕ್ಕಿಂತ ಮೆಲುಕನ್ನು ನೋಡಿ. ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ, ಅದೂ ಬಹುಪಾಲು ಮಲಗಿಕೊಂಡು. ಮೆಲುಕು ಹಾಕುವ ಹಿಮಸಾರಂಗಗಳ ಮಿದುಳಿನ ಅಲೆಗಳನ್ನು ನಾರ್ವೆಯಲ್ಲಿ ದಾಖಲಿಸಿದಾಗ ಅವು ಗಾಢ ನಿದ್ದೆಯ ಅಲೆಗಳನ್ನು ಹೋಲುತ್ತಿದ್ದವು. ಹೆಚ್ಚು ಮೆಲುಕು ಹಾಕಿದ ಪ್ರಾಣಿ ಕಡಿಮೆ ನಿದ್ದೆ ಮಾಡಿತ್ತು. ಹೆದರಿದ ದನ ಮೆಲುಕು ನಿಲ್ಲಿಸುತ್ತದೆ. ಮೆಲುಕು ನಡೆದಿದೆ ಎಂದರೆ ನೀವು ಪಕ್ಕದಲ್ಲಿರುವುದಕ್ಕೆ ಅದರ ತಕರಾರಿಲ್ಲ.

ಎಲ್ಲರೂ ಹೀಗೆ ನೋಡುವುದಿಲ್ಲ. ನಾಯಿಮರಿಗಳನ್ನು ಯೋಗ ತರಗತಿಗೆ ತರುವ ಫ್ಯಾಷನ್ ಬಂದಾಗ, ಮರಿಗಳಿಗೆ ನಿದ್ದೆ, ನೀರು ಸಿಗುತ್ತಿಲ್ಲ ಎಂಬ ದೂರುಗಳ ಬಳಿಕ ಇಟಲಿಯ ಆರೋಗ್ಯ ಸಚಿವಾಲಯ 2024ರಲ್ಲಿ ಅದಕ್ಕೆ ತಡೆ ಹಾಕಿತು.

ಇನ್ನು ನಮ್ಮ ಆರೋಗ್ಯ. 2007ರಿಂದ 2010ರವರೆಗೆ ನೆದರ್ಲ್ಯಾಂಡ್ಸ್‌ನಲ್ಲಿ ಹಾಲಿನ ಮೇಕೆಗಳಿಂದ ಕ್ಯೂ ಜ್ವರ ಹರಡಿ 4 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮರಿ ಹಾಕುವಾಗ ಹೊರಬರುವ ಕಸದಿಂದ, ಅಂದರೆ ಮಾಸಿನಿಂದ, ಇದರ ರೋಗಾಣು ಗಾಳಿಗೆ ಸೇರುತ್ತದೆ. ನಮ್ಮಲ್ಲಿ ದನ, ಮೇಕೆ ಕಂದು ಹಾಕಲು ಕಾರಣವಾಗುವ ಬ್ರುಸೆಲ್ಲೋಸಿಸ್ ಕೂಡ ಮನುಷ್ಯರಿಗೆ ದಾಟುತ್ತದೆ. ಹಾಗಾಗಿ ಈಗಷ್ಟೇ ಈದ ಅಥವಾ ಕಂದು ಹಾಕಿದ ಪ್ರಾಣಿಗಳಿಂದ ಗರ್ಭಿಣಿಯರು ದೂರ ಇರಬೇಕು. ಉಳಿದವರು ಎದ್ದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ತೊಳೆಯುವವರೆಗೆ ಏನೂ ತಿನ್ನಬಾರದು. ಹಿಕ್ಕೆ ಬಿದ್ದ ಚಾಪೆಯನ್ನು ಸುತ್ತಿ ಹಾಗೇ ಕಾರಿನಲ್ಲಿ ಇಡುವುದೂ ಬೇಡ.