ಚೆಲ್ಲಿದ ಹಳದಿ ಹಾಲು, ಬದಲಾದ ಸಲಹೆಗಳು: ಎದೆಹಾಲು ಮತ್ತು ವೈರಸ್‌ನ ಹಿನ್ನೆಲೆ

ಬಾಣಂತಿಗೆ ಜ್ವರ ಬಂದರೆ ಮಗುವಿಗೆ ಹಾಲು ಕೊಡಬಹುದಾ? ಕೋವಿಡ್ ಆದರೆ? ಎಚ್‌ಐವಿ ಇದ್ದರೆ? ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಯರಿಗೆ ಇವು ಹೊಸ ಪ್ರಶ್ನೆಗಳಲ್ಲ. ಉತ್ತರಗಳು ಮಾತ್ರ ಬದಲಾಗುತ್ತಾ ಬಂದಿವೆ.

ನಮ್ಮಲ್ಲಿ ದನ ಕರು ಹಾಕಿದರೆ ಗಿಣ್ಣದ ಹಾಲು ಅಕ್ಕಪಕ್ಕದ ಮನೆಗೂ ಹೋಗುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣು ಯಾರಿಗೆ ಬೇಡ ಹೇಳಿ? ಆದರೆ ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಎಷ್ಟೋ ಮನೆಗಳಲ್ಲಿ ಹಿಂಡಿ ಚೆಲ್ಲುತ್ತಿದ್ದರು. ಅದು ಮಗುವಿಗೆ ದಕ್ಕೋದಿಲ್ಲ ಅಂತ ನಂಬಿಕೆ. ಬದಲಿಗೆ ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುತ್ತಿದ್ದರು. ಮಗುವಿನ ಮೇಲಿನ ಅಕ್ಕರೆಯಿಂದಲೇ ಮಾಡಿದ್ದು.

ಚೆಲ್ಲಿದ್ದು ಏನು ಅಂತ ಲ್ಯಾಬಿನಲ್ಲಿ ಗೊತ್ತಾಗಿದ್ದೂ ತಡವಾಗಿಯೇ. 1960ರ ಹೊತ್ತಿಗೆ ತಾಯಿಯ ಹಾಲಿನಿಂದ ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನನ್ನು ಬೇರ್ಪಡಿಸಿದರು. ಮೊದಲ ದಿನಗಳ ಹಾಲಿನಲ್ಲಿ ಅದು ಜಾಸ್ತಿ. ಹಲವು ವೈರಸ್‌ಗಳು ಜೀವಕೋಶಕ್ಕೆ ಅಂಟಿಕೊಳ್ಳುವುದನ್ನೇ ಅದು ತಡೆಯುತ್ತದೆ. 1961ರಲ್ಲಿ ಸ್ವೀಡನ್ನಿನ ಲಾರ್ಸ್ ಹ್ಯಾನ್ಸನ್, ಹಾಲಿನ ಐಜಿಎ ಎಂಬ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು) ರಕ್ತದಲ್ಲಿರುವುದಕ್ಕಿಂತ ಬೇರೆ ಬಗೆಯದು ಅಂತ ತೋರಿಸಿದರು. ತಾಯಿ ಎದುರಿಸಿದ ಸೋಂಕುಗಳ ವಿರುದ್ಧದ ಪ್ರತಿಕಾಯ ಹಾಲಿನ ಮೂಲಕ ಮಗುವಿನ ಕರುಳಿಗೆ ತಲುಪುತ್ತದೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಅನ್ನಿಸುವುದು ಹಾಲಿನ ಆಲಿಗೋಸ್ಯಾಕರೈಡ್ ಎಂಬ ವಿಶೇಷ ಸಕ್ಕರೆಗಳು. 150ಕ್ಕೂ ಹೆಚ್ಚು ಬಗೆ ಇವೆ. ಮಗುವಿಗೆ ಅವು ಜೀರ್ಣವೇ ಆಗುವುದಿಲ್ಲ. ಮತ್ತೆ ಯಾಕಿವೆ? ಕರುಳಿನ ಒಳಗೋಡೆಯಲ್ಲೂ ಅಂಥದೇ ಸಕ್ಕರೆಗಳಿವೆ. ಕೆಲವು ವೈರಸ್‌ಗಳು ಅವನ್ನೇ ಹುಡುಕಿ ಅಂಟಿಕೊಳ್ಳುತ್ತವೆ. ಹಾಲಿನ ಸಕ್ಕರೆಗೆ ಮೋಸಹೋಗಿ ಅಂಟಿಕೊಂಡ ವೈರಸ್ ಮಲದ ಜೊತೆ ಹೊರಗೆ ಹೋಗುತ್ತದೆ.

ನಿಜವಾದ ಗೋಜಲು ಶುರುವಾಗಿದ್ದು 1985ರಲ್ಲಿ, ಎಚ್‌ಐವಿ ಎದೆಹಾಲಿನಿಂದಲೂ ಹರಡಬಹುದು ಅಂತ ಆಸ್ಟ್ರೇಲಿಯಾದಿಂದ ವರದಿ ಬಂದಾಗ. ಅನುಕೂಲ ಇದ್ದವರು ಪುಡಿ ಹಾಲು ಕೊಡಿ ಎಂಬ ಸಲಹೆ ಬಂತು. ಕಾಗದದ ಮೇಲೆ ಸರಿಯೇ. ಆದರೆ ಮಳೆಗಾಲದಲ್ಲಿ ಕೆಂಪಾಗಿ ಬರುವ ಅಬ್ಬಿ ನೀರನ್ನು ದಿನಕ್ಕೆ ಏಳೆಂಟು ಸಲ ಕುದಿಸಿ, ಬಾಟಲಿ ತೊಳೆದು, ಒದ್ದೆ ಸೌದೆ ಊದುತ್ತಾ ಹಾಲು ಕಲಸುವುದು ಹಸಿ ಬಾಣಂತಿಗೆ ಆಗುವ ಕೆಲಸವಾ? ಮೇಲೆ, ಹಾಲು ಕೊಡದ ಬಾಣಂತಿಯನ್ನು ಊರು ಸುಮ್ನೆ ಬಿಡುವುದಿಲ್ಲ. ಯಾಕೆ ಅಂತ ಕೇಳುತ್ತದೆ. ಅವಳ ಕಾಯಿಲೆ ಅಲ್ಲೇ ಬಯಲಾಗುತ್ತದೆ.

2006ರಲ್ಲಿ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಭಾರಿ ಮಳೆಗೆ ನೀರು ಕೆಟ್ಟು ಮಕ್ಕಳಿಗೆ ಭೇದಿ ಹರಡಿತು. ಸತ್ತ ಕೂಸುಗಳಲ್ಲಿ ಹೆಚ್ಚಿನವು ಪುಡಿ ಹಾಲು ಕುಡಿಯುತ್ತಿದ್ದವು. ಅದಕ್ಕೂ ಮೊದಲೇ, 1999ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ನಿನ ಅಧ್ಯಯನ ಇನ್ನೊಂದು ಮುಖ ತೋರಿಸಿತ್ತು: ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ, ಎದೆಹಾಲಿನ ಜೊತೆ ಬೇರೆ ಆಹಾರವನ್ನೂ ಬೆರೆಸಿ ಕೊಟ್ಟ ಮಕ್ಕಳಲ್ಲೇ ಎಚ್‌ಐವಿ ಜಾಸ್ತಿ. ಅಂದರೆ ಜೇನು, ಸಕ್ಕರೆ ನೀರು ಕೂಡ ಸಣ್ಣ ವಿಷಯ ಅಲ್ಲ.

ಔಷಧಿ ಇಲ್ಲದ ಕಾಲದಲ್ಲೂ, ತಿಂಗಳುಗಟ್ಟಲೆ ಎಚ್‌ಐವಿ ಇರುವ ತಾಯಿಯ ಹಾಲು ಕುಡಿದ ಹೆಚ್ಚಿನ ಮಕ್ಕಳಿಗೆ ಸೋಂಕು ತಗುಲಲಿಲ್ಲ. 2013ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಹಾಲಿನಲ್ಲಿರುವ ಟೆನಾಸಿನ್-ಸಿ ಎಂಬ ಪ್ರೋಟೀನು ಎಚ್‌ಐವಿಯನ್ನು ಹಿಡಿದು ನಿಷ್ಕ್ರಿಯಗೊಳಿಸುತ್ತದೆ ಅಂತ ತೋರಿಸಿದರು. ಹಾಗಂತ ಹಾಲೊಂದನ್ನೇ ನಂಬಿ ಕೂರುವಂತಿಲ್ಲ. ಸೋಂಕನ್ನು ನಿಜಕ್ಕೂ ತಗ್ಗಿಸಿದ್ದು ತಾಯಿ ತೆಗೆದುಕೊಳ್ಳುವ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧಿಯ ರಕ್ಷಣೆಯಲ್ಲಿ ಹಾಲುಣಿಸಬಹುದು ಎಂದಿತು. ಕೋವಿಡ್ ಬಂದಾಗ ಮತ್ತೆ ತಾಯಿ ಮಗುವನ್ನು ಬೇರೆ ಮಾಡಿದ್ದೂ ಉಂಟು. ಹಾಲು ನಿಲ್ಲಿಸಬೇಡಿ ಅಂತಲೇ ಸಂಸ್ಥೆ ಆಗಲೂ ಹೇಳಿತ್ತು.

ಪ್ರತಿ ಸಲವೂ ಸಲಹೆ ಹಳ್ಳಿಗೆ ಬಂದಿದ್ದು ಆದೇಶದ ಹಾಗೆ. ಕಾರಣ ಜೊತೆಗೆ ಬರಲಿಲ್ಲ. ಈಗಿನ ಮಾತು ಇಷ್ಟು: ಹುಟ್ಟಿದ ಒಂದು ಗಂಟೆಯೊಳಗೆ ಹಳದಿ ಹಾಲು, ಆರು ತಿಂಗಳು ಬರೀ ಎದೆಹಾಲು, ಲಸಿಕೆಗಳು ತಪ್ಪದೆ. ತಾಯಿಗೆ ಎಚ್‌ಐವಿ ಇದ್ದರೆ ಅವಳಿಗೆ ಮಾತ್ರೆ, ಮಗುವಿಗೆ ಸಿರಪ್, ಆರನೇ ವಾರಕ್ಕೆ ಮಗುವಿನ ರಕ್ತ ಪರೀಕ್ಷೆ. ಇದನ್ನು ಹೇಳುವಾಗ ಮನೆಯ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಯಾಕೆ ಅಂತಲೂ ಹೇಳಬೇಕು.