26 ಫ್ರೇಮಿನ ಏಟು

2022ರ ಜೂನ್‌ನಲ್ಲಿ ಸೋನಿಯ 'ಸ್ಟೇಟ್ ಆಫ್ ಪ್ಲೇ' ಪ್ರದರ್ಶನದಲ್ಲಿ ಜಪಾನಿನ ಕ್ಯಾಪ್ಕಾಮ್ ಕಂಪನಿ 'ಸ್ಟ್ರೀಟ್ ಫೈಟರ್ 6' ಎಂಬ, ಇಬ್ಬರು ಎದುರುಬದುರಾಗಿ ಗುದ್ದಾಡುವ ವಿಡಿಯೊ ಗೇಮಿನ ಟ್ರೇಲರ್ ಬಿಟ್ಟಿತು. ಆಟ ಮಾರುಕಟ್ಟೆಗೆ ಬರಲು ಇನ್ನೂ ಒಂದು ವರ್ಷವಿತ್ತು. ಹೊರಗಿನವರಿಗೆ ಅದು ಬಣ್ಣ ಎರಚಾಡಿದ ಕೆಲವೇ ನಿಮಿಷಗಳ ವಿಡಿಯೊ. ಅಭಿಮಾನಿಗಳು ಮಾತ್ರ ಅದನ್ನು ನಿಲ್ಲಿಸಿ, ಒಂದೊಂದೇ ಚಿತ್ರ ಮುಂದಕ್ಕೆ ತಳ್ಳಿ ಎಣಿಸುತ್ತ ಕೂತರು. ಭುಜ ಅಲುಗಿದ್ದು ಎಲ್ಲಿ, ಮುಷ್ಟಿ ತಗುಲಿದ್ದು ಎಲ್ಲಿ, ನಡುವೆ ಎಷ್ಟು ಫ್ರೇಮ್? ಇನ್ನೂ ಸಿದ್ಧವಾಗದ ಆಟದ ಲೆಕ್ಕ ನಾಳೆ ಬದಲಾಗಬಹುದು ಎಂದು ಅವರಿಗೂ ಗೊತ್ತು. ಆದರೂ ವಾದ ನಿಲ್ಲುವುದಿಲ್ಲ.

ಈ ಎಣಿಕೆಯ ಹುಚ್ಚಿಗೆ ಕಾರಣ ನಮ್ಮ ನರಮಂಡಲದಲ್ಲಿದೆ.

ಫೈಟಿಂಗ್ ಗೇಮ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳ ವೇಗದಲ್ಲಿ ಓಡುತ್ತವೆ. ಅಂದರೆ ಒಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್. ಪ್ರತಿ ಏಟಿಗೂ ಮೂರು ಹಂತ: ಕೈ ಎತ್ತುವ 'ಸ್ಟಾರ್ಟಪ್', ಏಟು ತಗುಲಬಲ್ಲ 'ಆ್ಯಕ್ಟಿವ್', ಕೈ ಹಿಂದೆಗೆದುಕೊಳ್ಳುವ 'ರಿಕವರಿ'. ಸ್ಟ್ರೀಟ್ ಫೈಟರ್ 6ರಲ್ಲಿ ಹಗುರ ಗುದ್ದುಗಳ ಸ್ಟಾರ್ಟಪ್ ಬಹುತೇಕ 4 ಫ್ರೇಮ್, ಸುಮಾರು 67 ಮಿಲಿಸೆಕೆಂಡ್. ಇತ್ತ ಪರದೆಯ ಮೇಲೆ ಒಂದು ಬೆಳಕು ಹೊತ್ತಿಕೊಂಡರೆ ಗುಂಡಿ ಒತ್ತಲು ಆರೋಗ್ಯವಂತ ಯುವಕರಿಗೂ 200ರಿಂದ 250 ಮಿಲಿಸೆಕೆಂಡ್ ಬೇಕು. ಅಕ್ಷಿಪಟಲದ ರಾಸಾಯನಿಕ ಕ್ರಿಯೆ, ಅಲ್ಲಿಂದ ಮಿದುಳಿನ ಹಿಂಭಾಗಕ್ಕೆ ಹೋಗುವ ಸಂಕೇತ, ನಿರ್ಧಾರ, ಬೆನ್ನುಹುರಿಯಿಂದ ಬೆರಳಿನವರೆಗಿನ ನರ, ಕೊನೆಗೆ ಸ್ನಾಯು, ಹೀಗೆ ಪ್ರತಿಯೊಂದೂ ತನ್ನ ಪಾಲಿನ ಸಮಯ ತಿನ್ನುತ್ತದೆ. ಫ್ರೇಮಿನ ಲೆಕ್ಕದಲ್ಲಿ ಇದು 12ರಿಂದ 15. ಟಿವಿ ಮತ್ತು ಕಂಟ್ರೋಲರ್‌ನ ವಿಳಂಬ ಬೇರೆ. ಹಗುರ ಗುದ್ದನ್ನು ನೋಡಿ ತಡೆಯುವ ಮನುಷ್ಯ ಭೂಮಿಯ ಮೇಲಿಲ್ಲ.

ಇದಕ್ಕಿಂತ ಕುತೂಹಲದ್ದು 'ಡ್ರೈವ್ ಇಂಪ್ಯಾಕ್ಟ್' ಎಂಬ ಭಾರಿ ಏಟು. ಅದರ ಸ್ಟಾರ್ಟಪ್ 26 ಫ್ರೇಮ್, ಸುಮಾರು 433 ಮಿಲಿಸೆಕೆಂಡ್. ಬಣ್ಣ ಸಿಡಿಯುತ್ತದೆ, ಸದ್ದಾಗುತ್ತದೆ. ನೀವೂ ಅದೇ ಏಟನ್ನು ತಿರುಗಿಸಿ ಕೊಟ್ಟರೆ ಎದುರಾಳಿ ಕುಸಿದು ಬೀಳುತ್ತಾನೆ. ಕಾಗದದ ಮೇಲೆ ಎಲ್ಲರಿಗೂ ಬೇಕಾದಷ್ಟು ಸಮಯವಿದೆ. ಹಾಗಿದ್ದೂ ದೊಡ್ಡ ಟೂರ್ನಿಗಳಲ್ಲಿ ನುರಿತವರೇ ಇದಕ್ಕೆ ಸಿಕ್ಕಿಬೀಳುತ್ತಾರೆ.

ಇದರ ವಿವರಣೆಗೆ ಹಳೆಯ ಪ್ರಯೋಗಗಳಿಗೆ ಹೋಗಬೇಕು. ಆಯ್ಕೆ ಮಾಡುವುದಕ್ಕೂ ಸಮಯ ಹಿಡಿಯುತ್ತದೆ ಎಂದು ನೆದರ್ಲೆಂಡ್ಸಿನ ಡೊಂಡರ್ಸ್ 1868ರಲ್ಲೇ ಅಳೆದು ತೋರಿಸಿದ್ದರು. 1952ರಲ್ಲಿ ಬ್ರಿಟನ್ನಿನ ಹಿಕ್ ಅದಕ್ಕೊಂದು ಸೂತ್ರ ಕೊಟ್ಟರು: ಆಯ್ಕೆಗಳು ದ್ವಿಗುಣವಾದಾಗಲೆಲ್ಲ ಪ್ರತಿಕ್ರಿಯೆಯ ಸಮಯಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ವಿಳಂಬ ಸೇರುತ್ತದೆ. ಬೆಳಕು ಕಂಡಾಗ ಗುಂಡಿ ಒತ್ತುವ ಆ ಸರಳ ಪರೀಕ್ಷೆಯಲ್ಲಿ ಕಾಯಬೇಕಾದದ್ದು ಒಂದೇ ದೀಪಕ್ಕೆ. ಪಂದ್ಯದಲ್ಲಿ ಎದುರಾಳಿ ಜಿಗಿಯಬಹುದು, ಬೆಂಕಿಯುಂಡೆ ಎಸೆಯಬಹುದು, ನುಗ್ಗಿ ಬಂದು ಎತ್ತಿ ಎಸೆಯಬಹುದು, ಸುಮ್ಮನೆ ಹಿಂದೆ ಸರಿಯಲೂಬಹುದು. ಅಷ್ಟಕ್ಕೂ ಒಟ್ಟಿಗೆ ಕಾಯುವ ಮಿದುಳಿಗೆ 26 ಫ್ರೇಮ್ ಇದ್ದಕ್ಕಿದ್ದಂತೆ ಇಕ್ಕಟ್ಟಾಗುತ್ತದೆ. ಅದೇ ಹೊತ್ತಿಗೆ ನಿಮ್ಮ ಬೆರಳು ಬೇರೊಂದು ಗುಂಡಿ ಒತ್ತಿಬಿಟ್ಟಿದ್ದರಂತೂ ಆ ಏಟಿನ ರಿಕವರಿ ಮುಗಿಯುವವರೆಗೆ ಕೈ ಕಟ್ಟಿದಂತೆಯೇ. ಗಮನ ಅಲ್ಲೇ ಇದ್ದರೆ ಸುಲಭ, ಕೊಂಚ ಆಚೀಚೆಯಾದರೆ ಅಸಾಧ್ಯ: ಆ ಗಡಿಯ ಮೇಲೇ ಈ ಏಟನ್ನು ನಿಲ್ಲಿಸಿದ್ದು ಒಳ್ಳೆಯ ವಿನ್ಯಾಸ ಎಂದು ನನಗನ್ನಿಸುತ್ತದೆ.

ಕ್ರಿಕೆಟ್ ಬ್ಯಾಟರ್‌ನದೂ ಇದೇ ಪಾಡು. ವೇಗದ ಚೆಂಡು ತಲುಪಲು ಅರ್ಧ ಸೆಕೆಂಡ್ ಸಾಕು. 2000ದಲ್ಲಿ ಲ್ಯಾಂಡ್ ಮತ್ತು ಮೆಕ್‌ಲಿಯಡ್ ಬ್ಯಾಟರ್‌ಗಳ ಕಣ್ಣಿನ ಚಲನೆ ದಾಖಲಿಸಿದಾಗ ಕಂಡದ್ದು, ಅವರು ಚೆಂಡನ್ನು ಉದ್ದಕ್ಕೂ ನೋಡುತ್ತಿರಲಿಲ್ಲ. ಬೌಲರ್‌ನ ಕೈಬಿಟ್ಟ ಕೂಡಲೇ ಅದು ಪುಟಿಯಲಿರುವ ಜಾಗಕ್ಕೆ ಅವರ ಕಣ್ಣು ಮೊದಲೇ ಹೋಗಿ ಕಾಯುತ್ತಿತ್ತು.

2004ರಲ್ಲಿ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ 'ಈವೊ' ಟೂರ್ನಿಯ ಒಂದು ಪಂದ್ಯ ಈ ಕ್ರೀಡೆಯ ದಂತಕಥೆ. ಆಟ 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್'. ಜಪಾನಿನ ಡೈಗೊ ಉಮೆಹಾರಾ ಆಡಿಸುತ್ತಿದ್ದ ಕೆನ್ ಎಂಬ ಪಾತ್ರಕ್ಕೆ ಉಳಿದದ್ದು ಎಳೆಯಷ್ಟು ಜೀವ. ಅಮೆರಿಕದ ಜಸ್ಟಿನ್ ವಾಂಗ್ ತಮ್ಮ ಪಾತ್ರ ಚುನ್-ಲಿಯ 'ಸೂಪರ್', ಅಂದರೆ ಒದೆತಗಳ ಸುರಿಮಳೆಯ ವಿಶೇಷ ದಾಳಿ, ಬಿಟ್ಟರು. ಸಾಮಾನ್ಯವಾಗಿ ತಡೆದರೂ ಚೂರು ಜೀವ ಸೋರುವುದರಿಂದ ಕೆನ್ ಸಾಯಬೇಕಿತ್ತು. ಉಳಿದ ದಾರಿ 'ಪ್ಯಾರಿ' ಮಾತ್ರ: ಏಟು ತಗುಲುವ ಹೊತ್ತಿಗೆ ಸರಿಯಾಗಿ ಎದುರಾಳಿಯ ಕಡೆಗೇ ಸ್ಟಿಕ್ ತಟ್ಟಬೇಕು. ಉಮೆಹಾರಾ 15 ಒದೆತಗಳನ್ನೂ ಪ್ಯಾರಿ ಮಾಡಿ, ತಿರುಗಿಸಿ ಹೊಡೆದು ಗೆದ್ದರು. ಮುಂದೆ ಫೈನಲ್‌ನಲ್ಲಿ ಸೋತರು, ಅದನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಜನ ಇದನ್ನು ಮಿಂಚಿನಂಥ ಪ್ರತಿಕ್ರಿಯೆ ಎನ್ನುತ್ತಾರೆ. ಆ ಸೂಪರ್ ಎಷ್ಟು ವೇಗದ್ದೆಂದರೆ, ಮೊದಲ ಒದೆತ ಬರುತ್ತಿರುವುದನ್ನು ನೋಡಿದ ಮೇಲೆ ತಟ್ಟಲು ಸಮಯವೇ ಇರುವುದಿಲ್ಲ. ಅವರು ಮೊದಲನೆಯದನ್ನು ಊಹಿಸಿದ್ದರು. ಮಿಕ್ಕವು ಬಾಯಿಪಾಠವಾಗಿದ್ದ ಲಯ.

ಹಾಗಾದರೆ ಹೊಸಬರು ಏನು ಕಲಿಯಬೇಕು? ಬಹಳ ಮಂದಿ ಟ್ರೇನಿಂಗ್ ಮೋಡ್‌ನಲ್ಲಿ ಉದ್ದದ ಕಾಂಬೊ (ಒಂದರ ಹಿಂದೊಂದು ತಗುಲುವ ಏಟುಗಳ ಸರಣಿ) ಒಂದನ್ನೇ ತಿದ್ದುತ್ತ ಕೂರುತ್ತಾರೆ. ಅದು ವ್ಯರ್ಥವಲ್ಲ. ಕೆಳಗೆ, ಓರೆ, ಮುಂದೆ, ಗುದ್ದು ಎಂಬ ಬಿಡಿ ಚಲನೆಗಳು ಒಂದೇ ಗಂಟಾಗಿ 'ಹಡೋಕೆನ್' ಎಂಬ ಬೆಂಕಿಯುಂಡೆ ಆದಾಗ ಮಿದುಳಿಗೆ ಬಿಡುವು ಸಿಗುತ್ತದೆ. ಚೇಸ್ ಮತ್ತು ಸೈಮನ್ 1973ರಲ್ಲಿ ಚೆಸ್ ಪಟುಗಳಲ್ಲಿ ಕಂಡದ್ದು ಇದನ್ನೇ. ನಿಜವಾದ ಪಂದ್ಯದ ಕಾಯಿಗಳನ್ನು ಪರಿಣತರು ಗುಂಪುಗುಂಪಾಗಿ ನೆನಪಿಡುತ್ತಾರೆ. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿದರೆ ಅವರ ಮೇಲುಗೈ ಬಹುಮಟ್ಟಿಗೆ ಹೋಗಿಬಿಡುತ್ತದೆ.

ತೊಡಕೆಂದರೆ, ಕಾಂಬೊ ತಿದ್ದುವಾಗ ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಪಂದ್ಯದಲ್ಲಿ ಕಷ್ಟವಿರುವುದೇ ಆ ತೀರ್ಮಾನದಲ್ಲಿ. 1979ರಲ್ಲಿ ಶಿಯಾ ಮತ್ತು ಮಾರ್ಗನ್ ಮೂರು ಕೈಚಲನೆಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದವರು ಅಭ್ಯಾಸದ ವೇಳೆ ಚೆನ್ನಾಗಿ ಮಾಡಿದರು. ಮೂರನ್ನೂ ಬೆರೆಸಿ ಕಲಿತವರು ಆಗ ಎಡವಿದರೂ, ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಿಜವಾದ ಕ್ರೀಡೆಗಳಲ್ಲಿ ಈ ಪರಿಣಾಮ ಇಷ್ಟು ಅಚ್ಚುಕಟ್ಟಾಗಿ ಕಾಣುವುದಿಲ್ಲ. ಆದರೂ ಡ್ರೈವ್ ಇಂಪ್ಯಾಕ್ಟ್ ಅಭ್ಯಾಸಕ್ಕೆ ನಾನು ಇದನ್ನೇ ಹೇಳುವೆ. ಟ್ರೇನಿಂಗ್ ಮೋಡ್‌ನ ಬೊಂಬೆಗೆ ನಾಲ್ಕೈದು ಚಲನೆ ರೆಕಾರ್ಡ್ ಮಾಡಿ, ಯಾವುದು ಯಾವಾಗ ಬರುವುದೋ ತಿಳಿಯದಂತೆ ಬಿಡಿ. ನೀವೂ ಆಡುತ್ತಲೇ ಇರಿ. ಅದೊಂದಕ್ಕೇ ಕಾದು ಕೂತರೆ ಹಿಕ್ ಅವರ ಸೂತ್ರಕ್ಕೆ ಕೆಲಸವೇ ಇಲ್ಲ.

ಆನ್‌ಲೈನ್‌ನಲ್ಲಿ ಊಹಿಸುವ ಕೆಲಸ ಯಂತ್ರಕ್ಕೂ ತಪ್ಪಿದ್ದಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ಸುಮಾರು 3,200 ಕಿಲೋಮೀಟರ್. ಗಾಜಿನ ತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಕೇಬಲ್ ನೇರವಾಗಿ ಎಳೆದಿದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್, ಎಂದರೆ ಸುಮಾರು 2 ಫ್ರೇಮ್. ಈವೊ ಸಂಸ್ಥಾಪಕರಲ್ಲೊಬ್ಬರಾದ ಟೋನಿ ಕ್ಯಾನನ್ ಇದಕ್ಕೆ 'ಜಿಜಿಪಿಒ' ಎಂಬ ರೋಲ್‌ಬ್ಯಾಕ್ ವ್ಯವಸ್ಥೆ ಬರೆದರು. ಎದುರಾಳಿಯ ಗುಂಡಿಯ ಸುದ್ದಿ ಬರುವವರೆಗೆ ಯಂತ್ರ ಕಾಯುವುದಿಲ್ಲ. ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿರುವರೆಂದು ಭಾವಿಸಿ ಆಟ ಮುಂದುವರಿಸುತ್ತದೆ. ಕ್ಷಣಕ್ಷಣವೂ ಗುಂಡಿ ಬದಲಿಸುವವರು ಅಪರೂಪವಾದ್ದರಿಂದ ಊಹೆ ಬಹುತೇಕ ಸರಿಯೇ. ತಪ್ಪಿದಾಗ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ, ಸರಿಯಾದ ಗುಂಡಿ ಹಾಕಿ, ಒಂದೇ ಉಸಿರಿಗೆ ಮತ್ತೆ ಲೆಕ್ಕ ಹಾಕುತ್ತದೆ. ಪರದೆಯ ಮೇಲೆ ಪಾತ್ರ ಸಣ್ಣಗೆ ಹಾರಿದಂತೆ ಕಾಣುವುದು ಆಗಲೇ.